ಬಫಲೋ ಬೈಸನ್ಸ್: ಕೋವಿಡ್ ಕಾಲದಲ್ಲಿ ತವರು ಕಳೆದುಕೊಂಡ ತಂಡ (ಅಧ್ಯಯನ ಟಿಪ್ಪಣಿ)

ಕೋವಿಡ್ ಬಂದಾಗ ಆಟಗಳು ನಿಂತವು, ಆಮೇಲೆ ಶುರುವಾದವು. ಸಾಮಾನ್ಯವಾಗಿ ನಮಗೆ ಗೊತ್ತಿರುವುದು ಇಷ್ಟೇ. ಆದರೆ ಅಮೆರಿಕದ ಮೈನರ್ ಲೀಗ್ ಬೇಸ್‌ಬಾಲ್ ನೋಡಿದರೆ ಕಥೆ ಬೇರೆ. ಅಲ್ಲಿ ಒಂದು ಇಡೀ ವರ್ಷ ಒಂದೇ ಒಂದು ಪಂದ್ಯವೂ ನಡೆಯಲಿಲ್ಲ. ಮರುವರ್ಷ ಆಟ ಶುರುವಾದಾಗ ಒಂದು ತಂಡಕ್ಕೆ ತನ್ನ ಊರಿನಲ್ಲಿ ಜಾಗವಿರಲಿಲ್ಲ. ಸ್ವಂತ ಹೆಸರಿನಲ್ಲಿ ತವರು ಪಂದ್ಯ ಆಡುವ ಅವಕಾಶವೂ ಇರಲಿಲ್ಲ. ಆ ತಂಡವೇ ಬಫಲೋ ಬೈಸನ್ಸ್. ಈ ವಿಷಯ ಕಲಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮೊದಲು ವ್ಯವಸ್ಥೆ ಅರ್ಥ ಮಾಡಿಕೊಳ್ಳೋಣ

ಮೈನರ್ ಲೀಗ್ ಅಂದರೆ ಸುಮ್ನೆ 'ಕೆಳದರ್ಜೆಯ ಲೀಗ್' ಅಂತ ಬರೆದುಕೊಂಡರೆ ಮುಂದಿನದ್ದು ಯಾವುದೂ ಅರ್ಥವಾಗುವುದಿಲ್ಲ. ಒಂದು ಊಹೆ ಮಾಡಿ. ಆರ್‌ಸಿಬಿಗೆ ಹುಬ್ಬಳ್ಳಿಯಲ್ಲಿ ಒಂದು ಕಿರಿಯ ತಂಡ ಇದೆ ಅಂದುಕೊಳ್ಳಿ. ಅಲ್ಲಿ ಆಡುವವರೆಲ್ಲ ಆರ್‌ಸಿಬಿಯ ಆಟಗಾರರು. ಸಂಬಳ ಕೊಡುವುದು ಆರ್‌ಸಿಬಿ, ಕೋಚ್ ಕಳಿಸುವುದೂ ಆರ್‌ಸಿಬಿ. ಬೆಂಗಳೂರಿನಲ್ಲಿ ಯಾರಿಗಾದರೂ ಗಾಯವಾದರೆ ಮಂಗಳವಾರ ರಾತ್ರಿ ಫೋನ್ ಬರುತ್ತದೆ, ಬುಧವಾರ ಹುಬ್ಬಳ್ಳಿಯ ಹುಡುಗ ಚಿನ್ನಸ್ವಾಮಿಯಲ್ಲಿ ಆಡುತ್ತಾನೆ. ಆದರೆ ಹುಬ್ಬಳ್ಳಿ ತಂಡದ ಮಾಲೀಕರು ಬೇರೆ. ಅವರು ಮೈದಾನ ನಡೆಸುತ್ತಾರೆ, ಟಿಕೆಟ್ ಮಾರುತ್ತಾರೆ, ತಿಂಡಿ ಮಾರುತ್ತಾರೆ, ಬೇಲಿಯ ಮೇಲೆ ಊರಿನ ಅಂಗಡಿಗಳ ಜಾಹೀರಾತು ಹಾಕುತ್ತಾರೆ.

ಬೈಸನ್ಸ್ ತಂಡಕ್ಕೂ ಟೊರಾಂಟೊ ಬ್ಲೂ ಜೇಸ್ ತಂಡಕ್ಕೂ 2013ರಿಂದ ಇರುವ ಸಂಬಂಧ ಹೆಚ್ಚುಕಡಿಮೆ ಹೀಗೆಯೇ. ಬ್ಲೂ ಜೇಸ್ ತಾಯಿ ತಂಡ. ಬೈಸನ್ಸ್ ಟ್ರಿಪಲ್-ಎ ತಂಡ, ಅಂದರೆ ಎಲ್ಲಕ್ಕಿಂತ ಮೇಲಿನ ಮೇಜರ್ ಲೀಗ್‌ಗೆ (ಬ್ಲೂ ಜೇಸ್ ಆಡುವುದು ಅಲ್ಲೇ) ಒಂದೇ ಮೆಟ್ಟಿಲು ಕೆಳಗೆ. ಟೊರಾಂಟೊ ಕೆನಡಾದಲ್ಲಿದೆ, ಬಫಲೋ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಗಡಿಯಲ್ಲಿದೆ. ರಸ್ತೆಯಲ್ಲಿ ಸುಮಾರು 160 ಕಿಲೋಮೀಟರ್. ನಡುವೆ ಒಂದು ಅಂತರರಾಷ್ಟ್ರೀಯ ಗಡಿ. ಈ ಗಡಿ ನೆನಪಿಡಿ.

ಈಗ ಒಂದು ಪ್ರಶ್ನೆ ಕೇಳಿಕೊಳ್ಳಿ. ಆಟಗಾರರು ತಾಯಿ ತಂಡದವರು, ಕೋಚ್ ಅವರ ಕಡೆಯವರು. ಹಾಗಾದರೆ ಮೈನರ್ ಲೀಗ್ ತಂಡಕ್ಕೆ ತನ್ನದು ಅಂತ ಏನಿದೆ? ನನ್ನ ಪ್ರಕಾರ ಮೂರೇ: ಪ್ರೇಕ್ಷಕರು, ಮೈದಾನ, ಹೆಸರು. ಕೋವಿಡ್ ಬೈಸನ್ಸ್ ಕೈಯಿಂದ ಈ ಮೂರನ್ನೂ ಒಂದೊಂದಾಗಿ ಕಿತ್ತುಕೊಂಡಿತು.

2020: ಆಟವೇ ಇಲ್ಲ

2020ರ ಮಾರ್ಚ್ 12ರಂದು ಮೇಜರ್ ಲೀಗ್ ತನ್ನ ತರಬೇತಿ ಪಂದ್ಯಗಳನ್ನು ನಿಲ್ಲಿಸಿತು. ಏಪ್ರಿಲ್‌ನಲ್ಲಿ ಶುರುವಾಗಬೇಕಿದ್ದ ಮೈನರ್ ಲೀಗ್ ಕೂಡ ಮುಂದಕ್ಕೆ ಹೋಯಿತು. ಕಾಯುತ್ತಾ ಕಾಯುತ್ತಾ ಏಪ್ರಿಲ್, ಮೇ, ಜೂನ್ ಕಳೆದವು. ಜೂನ್ 30ರಂದು ಸೀಸನ್ ರದ್ದು ಅಂತ ಘೋಷಣೆಯಾಯಿತು. ಮೈನರ್ ಲೀಗ್ ಸಂಸ್ಥೆ ಹುಟ್ಟಿದ್ದು 1901ರಲ್ಲಿ. ಎರಡು ಮಹಾಯುದ್ಧಗಳ ಕಾಲದಲ್ಲೂ ಹೇಗೋ ಆಟ ನಡೆದಿತ್ತು. ಪೂರ್ತಿ ಸೀಸನ್ ರದ್ದಾಗಿದ್ದು ಇದೇ ಮೊದಲು. ನಮ್ಮ ರಣಜಿ ಟ್ರೋಫಿಯೂ 2020-21ರಲ್ಲಿ ನಡೆಯಲಿಲ್ಲ, ನೆನಪಿದೆ ಅಲ್ವಾ? 1934ರಲ್ಲಿ ಶುರುವಾದ ಟೂರ್ನಿಗೆ ಅದೂ ಮೊದಲ ಸಲ.

ಮೇಜರ್ ಲೀಗ್ ಮಾತ್ರ ಜುಲೈ 23ರಂದು ಶುರುವಾಯಿತು. ಮಾಮೂಲಿ 162 ಪಂದ್ಯಗಳ ಬದಲು 60 ಪಂದ್ಯ, ಖಾಲಿ ಮೈದಾನಗಳಲ್ಲಿ. ಅವರಿಗೆ ಅದು ಸಾಧ್ಯ, ಇವರಿಗೆ ಯಾಕಿಲ್ಲ? ಪರೀಕ್ಷೆಯಲ್ಲಿ ಕೇಳುವಂಥ ಪ್ರಶ್ನೆ ಇದು. ಉತ್ತರ ಟಿವಿ. ಮೇಜರ್ ಲೀಗ್‌ಗೆ ಪ್ರಸಾರದ ಹಕ್ಕಿನಿಂದ ದೊಡ್ಡ ಹಣ ಬರುತ್ತದೆ. ಗ್ಯಾಲರಿ ಖಾಲಿ ಇದ್ದರೂ ಕ್ಯಾಮೆರಾ ಮುಂದೆ ಆಡಿದರೆ ಅಷ್ಟಾದರೂ ಕೈಗೆ ಸಿಗುತ್ತದೆ. ಮೈನರ್ ಲೀಗ್‌ಗೆ ಆ ಹಣ ಇಲ್ಲ. ಬಾಗಿಲಿಗೆ ಬಂದು ಟಿಕೆಟ್ ತಗೊಂಡು, ಒಳಗೆ ಹಾಟ್ ಡಾಗ್ ತಿನ್ನುವ ಕುಟುಂಬಗಳಿಂದಲೇ ಅವರ ಬದುಕು. 2019ರಲ್ಲಿ ಮೈನರ್ ಲೀಗ್ ಪಂದ್ಯಗಳಿಗೆ ಒಟ್ಟು 4 ಕೋಟಿ 15 ಲಕ್ಷದಷ್ಟು ಜನ ಬಂದಿದ್ದರು. 2020ರಲ್ಲಿ ಸೊನ್ನೆ. ಪ್ರೇಕ್ಷಕರಿಲ್ಲದೆ ಆಡಿದರೆ ಪ್ರತಿ ಪಂದ್ಯವೂ ಬರೀ ಖರ್ಚು.

ತಂಡಗಳು ಸುಮ್ಮನೆ ಕೂರಲಿಲ್ಲ. ಮೈದಾನದಲ್ಲಿ ಸಿನಿಮಾ ತೋರಿಸಿದವು, ಊಟ ಹಾಕಿದವು. ಫ್ಲೋರಿಡಾದ ಪೆನ್ಸಕೋಲಾ ಬ್ಲೂ ವಾಹೂಸ್ ತಂಡ ತನ್ನ ಕ್ರೀಡಾಂಗಣವನ್ನೇ ಏರ್‌ಬಿಎನ್‌ಬಿಯಲ್ಲಿ ಬಾಡಿಗೆಗೆ ಇಟ್ಟಿತು, ಒಂದು ರಾತ್ರಿಗೆ 1,500 ಡಾಲರ್. ಇದನ್ನು ತಮಾಷೆಯ ಸುದ್ದಿಯಂತೆ ಹಂಚಿಕೊಂಡವರು ಬಹಳ. ನನಗೆ ಇದರಲ್ಲಿ ಕಾಣುವುದು ಮನೆ ಉಳಿಸಿಕೊಳ್ಳಲು ಪಟ್ಟ ಕಷ್ಟ.

ಆಟಗಾರರ ಪಾಡು ಇನ್ನೂ ಕಷ್ಟ. ಆಡಲು ಜಾಗವಿಲ್ಲದ ಮೈನರ್ ಲೀಗ್ ಆಟಗಾರರಿಗೆ ವಾರಕ್ಕೆ 400 ಡಾಲರ್ ಭತ್ಯೆ ಕೊಡುವುದಾಗಿ ಮೇಜರ್ ಲೀಗ್ ಹೇಳಿತ್ತು, ಮೇ ಕೊನೆಯವರೆಗೆ. ಆಮೇಲೆ ಬಹಳ ತಂಡಗಳು ಅದನ್ನು ಮುಂದುವರಿಸಿದವು. ಅದೇ ಹೊತ್ತಿಗೆ ನೂರಾರು ಆಟಗಾರರನ್ನು ಕೈಬಿಟ್ಟಿದ್ದೂ ಆಯಿತು. ಹೊಸಬರನ್ನು ಆರಿಸುವ ಡ್ರಾಫ್ಟ್ 40 ಸುತ್ತಿನಿಂದ 5 ಸುತ್ತಿಗೆ ಇಳಿಯಿತು. ಇಪ್ಪತ್ತೆರಡರ ಹುಡುಗನಿಗೆ ಒಂದು ವರ್ಷ ಆಟವಿಲ್ಲ ಅಂದರೆ ಅದು ಬರೀ ಒಂದು ವರ್ಷದ ಲೆಕ್ಕ ಅಲ್ಲ. ಮೇಲೆ ಹೋಗುವ ಏಣಿಯ ಮೆಟ್ಟಿಲೇ ಮುರಿದಂತೆ.

ಖಾಲಿ ಮನೆಗೆ ಬಂದ ನೆಂಟರು

ಈ ಹೊತ್ತಿಗೆ ಬೈಸನ್ಸ್ ಮೈದಾನ ಸೇಲೆನ್ ಫೀಲ್ಡ್ ಖಾಲಿ ಬಿದ್ದಿತ್ತು. ಟೊರಾಂಟೊದಲ್ಲಿ ಇನ್ನೊಂದು ಸಮಸ್ಯೆ. ಬ್ಲೂ ಜೇಸ್ ತಂಡ ಕೆನಡಾದಲ್ಲಿ ಆಡಿದರೆ ಅಮೆರಿಕದ ತಂಡಗಳು ಮತ್ತೆ ಮತ್ತೆ ಗಡಿ ದಾಟಿ ಬರಬೇಕು. ಜುಲೈ 18ರಂದು ಕೆನಡಾ ಸರ್ಕಾರ ಆಗುವುದಿಲ್ಲ ಅಂತ ಹೇಳಿತು. ಬ್ಲೂ ಜೇಸ್ ಪಿಟ್ಸ್‌ಬರ್ಗ್ ಕಡೆ ನೋಡಿತು. ಅಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ಒಪ್ಪಲಿಲ್ಲ. ಸೀಸನ್ ಶುರುವಾದ ಮರುದಿನ, ಜುಲೈ 24ರಂದು, ಕೊನೆಗೂ ಬಫಲೋ ಅಂತ ತೀರ್ಮಾನವಾಯಿತು.

ಸೇಲೆನ್ ಫೀಲ್ಡ್‌ನ ಹಳೆಯ ಕಥೆ ಗೊತ್ತಿದ್ದರೆ ಈ ತಿರುವು ಮನಸ್ಸಿಗೆ ತಟ್ಟುತ್ತದೆ. ಈ ಮೈದಾನ ಶುರುವಾಗಿದ್ದು 1988ರಲ್ಲಿ. ಒಂದಲ್ಲ ಒಂದು ದಿನ ಬಫಲೋಗೆ ಮೇಜರ್ ಲೀಗ್ ತಂಡ ಬರುತ್ತದೆ ಅಂತ ನಂಬಿಯೇ ಅದನ್ನು ಕಟ್ಟಿದ್ದರು. ಊರಿನ ಜನ ತಮ್ಮ ಪಾಲಿನ ಕೆಲಸ ಮಾಡಿದರು. 1988ರಿಂದ 1993ರವರೆಗೆ ಪ್ರತಿ ವರ್ಷ 10 ಲಕ್ಷಕ್ಕೂ ಹೆಚ್ಚು ಜನ ಒಂದು ಮೈನರ್ ಲೀಗ್ ತಂಡ ನೋಡಲು ಬಂದರು! ಆದರೂ 1991ರಲ್ಲಿ ಹೊಸ ತಂಡಗಳನ್ನು ಕೊಟ್ಟಾಗ ಅವು ಡೆನ್ವರ್‌ಗೆ ಮತ್ತು ಮಯಾಮಿಗೆ ಹೋದವು. ಬಫಲೋಗೆ ಸಿಗಲಿಲ್ಲ.

2020ರ ಆಗಸ್ಟ್ 11ರಂದು ಅಲ್ಲಿ ಮೇಜರ್ ಲೀಗ್ ಪಂದ್ಯ ನಡೆಯಿತು. 1915ರ ನಂತರ ಆ ಊರಿನಲ್ಲಿ ಮೊದಲನೆಯದು. ಎದುರಾಳಿ ಯಾರು ಗೊತ್ತೇ? ಮಯಾಮಿ ಮಾರ್ಲಿನ್ಸ್. ಅಂದು ಬಫಲೋ ಕೈತಪ್ಪಿ ಹೋಗಿದ್ದ ಜಾಗದಲ್ಲಿ ಹುಟ್ಟಿದ ತಂಡ. ಬ್ಲೂ ಜೇಸ್ ಹತ್ತನೇ ಇನಿಂಗ್ಸ್‌ನಲ್ಲಿ (ಬೇಸ್‌ಬಾಲ್‌ನಲ್ಲಿ ಮಾಮೂಲಿ ಪಂದ್ಯ ಒಂಬತ್ತು ಇನಿಂಗ್ಸ್) 5-4ರಿಂದ ಗೆದ್ದಿತು. ಮೂವತ್ತು ವರ್ಷ ಇದಕ್ಕಾಗಿ ಕಾದ ಬಫಲೋ ಜನ ಮನೆಯಲ್ಲಿ ಟಿವಿ ನೋಡುತ್ತಾ ಕೂತಿದ್ದರು. ಕ್ರೀಡಾಂಗಣದೊಳಗೆ ಯಾರಿಗೂ ಪ್ರವೇಶವಿರಲಿಲ್ಲ.

ಮೈದಾನವನ್ನು ಎರಡೇ ವಾರದಲ್ಲಿ ಸಿದ್ಧ ಮಾಡಬೇಕಾಯಿತು. ಮೈನರ್ ಲೀಗ್‌ನ ಚಿಕ್ಕ ಡ್ರೆಸ್ಸಿಂಗ್ ರೂಮ್‌ಗಳಲ್ಲಿ ದೈಹಿಕ ಅಂತರ ಇಡಲು ಆಗುತ್ತಿರಲಿಲ್ಲ. ತಾತ್ಕಾಲಿಕ ಕೋಣೆಗಳು ಎದ್ದವು, ದೀಪಗಳು ಸುಧಾರಿಸಿದವು. ಸೆಪ್ಟೆಂಬರ್ 24ರಂದು ಅದೇ ಮೈದಾನದಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡವನ್ನು ಸೋಲಿಸಿ ಬ್ಲೂ ಜೇಸ್ ಪ್ಲೇಆಫ್‌ಗೆ ಹೋಯಿತು. ಬೈಸನ್ಸ್ ಮನೆಯಲ್ಲಿ ಸಂಭ್ರಮ ನಡೆಯಿತು, ಬೈಸನ್ಸ್ ಮಾತ್ರ ಅಲ್ಲಿರಲಿಲ್ಲ. ಮೀಸಲು ಆಟಗಾರರ ಅಭ್ಯಾಸಕ್ಕೂ ಬಫಲೋದಲ್ಲಿ ಜಾಗವಿಲ್ಲದೆ ಪಕ್ಕದ ರಾಚೆಸ್ಟರ್‌ಗೆ ಕಳಿಸಿದ್ದರು.

2021: ಹೆಸರೂ ಹೋಯಿತು

ಟ್ರಿಪಲ್-ಎ ಸೀಸನ್ 2021ರ ಮೇ 4ರಂದು ಶುರುವಾಯಿತು. (ಅದೇ ದಿನ ಇಲ್ಲಿ ಎರಡನೇ ಅಲೆಯ ನಡುವೆ ಐಪಿಎಲ್ ನಿಂತಿತು. ಒಂದೇ ತಾರೀಖು, ಎರಡು ದೇಶಗಳ ಪರಿಸ್ಥಿತಿ ಎಷ್ಟು ಬೇರೆ ನೋಡಿ.) ಕೆನಡಾ ಗಡಿ ಆಗಲೂ ತೆರೆದಿರಲಿಲ್ಲ. ಬ್ಲೂ ಜೇಸ್ ಮೊದಲು ಫ್ಲೋರಿಡಾದ ಡನೀಡಿನ್‌ನಲ್ಲಿ ಆಡಿತು, ಜೂನ್ 1ರಿಂದ ಮತ್ತೆ ಬಫಲೋದಲ್ಲಿ. ಹಾಗಾಗಿ ಬೈಸನ್ಸ್ ಮನೆ ಖಾಲಿ ಮಾಡಬೇಕಾಯಿತು.

ಅವರು ಹೋಗಿದ್ದು ಸುಮಾರು 600 ಕಿಲೋಮೀಟರ್ ದೂರದ ನ್ಯೂಜೆರ್ಸಿಯ ಟ್ರೆಂಟನ್‌ಗೆ. ಆ ಊರಿಗೂ ತನ್ನದೇ ನೋವಿತ್ತು. ಟ್ರೆಂಟನ್ ಥಂಡರ್ ತಂಡ 2003ರಿಂದ ಯಾಂಕೀಸ್‌ನ ಡಬಲ್-ಎ (ಟ್ರಿಪಲ್-ಎಗೆ ಒಂದು ಮೆಟ್ಟಿಲು ಕೆಳಗಿನ) ತಂಡವಾಗಿತ್ತು. 2019ರಲ್ಲಿ ತನ್ನ ಲೀಗ್ ಗೆದ್ದಿತ್ತು. 2020ರ ನವೆಂಬರ್‌ನಲ್ಲಿ ಯಾಂಕೀಸ್ ಆ ಸಂಬಂಧ ಬಿಟ್ಟು ಬೇರೆ ತಂಡದ ಜೊತೆ ಹೋಯಿತು. ಊರಿಗೆ ಮೈದಾನ ಇತ್ತು, ತಾಯಿ ತಂಡದ ನಂಟಿರುವ ಮೈನರ್ ಲೀಗ್ ತಂಡ ಇರಲಿಲ್ಲ. ಬೈಸನ್ಸ್‌ಗೆ ತಂಡ ಇತ್ತು, ಮೈದಾನ ಇರಲಿಲ್ಲ.

ಇಲ್ಲಿ ಗೊಂದಲವಾಗುತ್ತದೆ, ನಿಧಾನವಾಗಿ ಓದಿ. ಟ್ರೆಂಟನ್‌ನಲ್ಲಿ ತವರು ಪಂದ್ಯ ಆಡುವಾಗ ಬೈಸನ್ಸ್ ಆಟಗಾರರು 'ಟ್ರೆಂಟನ್ ಥಂಡರ್' ಹೆಸರಲ್ಲಿ, ಥಂಡರ್ ಜರ್ಸಿ ಹಾಕಿ ಆಡಿದರು. ಬೇರೆ ಊರಿಗೆ ಹೋದಾಗ ಮತ್ತೆ 'ಬಫಲೋ ಬೈಸನ್ಸ್'. ಆಟಗಾರರು ಅವರೇ, ಅಂಕಪಟ್ಟಿಯಲ್ಲಿ ಸಾಲೂ ಒಂದೇ. ಆದರೆ ವಾರಕ್ಕೊಂದು ಹೆಸರು. ಆಗ ಮೈನರ್ ಲೀಗ್‌ನಲ್ಲಿ ಓಡಾಟ ಕಡಿಮೆ ಮಾಡಲು ಒಂದೇ ಊರಿನಲ್ಲಿ ಸತತ ಆರು ಪಂದ್ಯ ಆಡುವ ಹೊಸ ಕ್ರಮ ಬಂದಿತ್ತು. ಹಾಗಾಗಿ ಜರ್ಸಿ ಬದಲಾಗುತ್ತಿದ್ದುದೂ ವಾರದ ಲೆಕ್ಕದಲ್ಲಿ.

ಈ ಗೊಂದಲದ ನಡುವೆ ಬೆಳೆದು ಬಂದವನು ಪಿಚರ್ (ಚೆಂಡು ಎಸೆಯುವ ಆಟಗಾರ) ಅಲೆಕ್ ಮನೋವಾ. ಬೇಸ್‌ಬಾಲ್‌ನಲ್ಲಿ ಪಿಚರ್‌ನ 'ಒಂದು ಇನಿಂಗ್ಸ್' ಅಂದರೆ ಮೂರು ಔಟ್ ಅಷ್ಟೇ, ಕ್ರಿಕೆಟ್ ಇನಿಂಗ್ಸ್ ಅಲ್ಲ. 2019ರಲ್ಲಿ ಆಯ್ಕೆಯಾದ ಮನೋವಾ ಆ ವರ್ಷ ಮೈನರ್ ಲೀಗ್‌ನಲ್ಲಿ ಎಸೆದಿದ್ದು 17 ಇನಿಂಗ್ಸ್. 2020ರಲ್ಲಿ ಒಂದೂ ಮೈನರ್ ಲೀಗ್ ಪಂದ್ಯವಿಲ್ಲ. 2021ರ ಮೇ ತಿಂಗಳಲ್ಲಿ ಟ್ರೆಂಟನ್‌ನಲ್ಲಿ ಬಿಡಾರ ಹೂಡಿದ್ದ ಈ ತಂಡಕ್ಕೆ ಮೂರೇ ಪಂದ್ಯ ಆಡಿದ, ಮೂರೂ ಗೆಲುವು. ಮೇ 27ರಂದು ನೇರವಾಗಿ ಯಾಂಕೀ ಸ್ಟೇಡಿಯಂನಲ್ಲಿ ಮೇಜರ್ ಲೀಗ್‌ಗೆ ಕಾಲಿಟ್ಟು ಆರು ಇನಿಂಗ್ಸ್‌ಗಳಲ್ಲಿ ಒಂದೂ ರನ್ ಕೊಡಲಿಲ್ಲ. ಒಂದು ವರ್ಷ ಪಂದ್ಯವೇ ಇಲ್ಲದಿದ್ದರೂ ಮೇಲೆ ಬಂದ. ಆದರೆ ಇದನ್ನು ಮಾದರಿ ಅಂತ ಬರೆದುಕೊಳ್ಳಬೇಡಿ. 2020ರಲ್ಲಿ ತಂಡಗಳು ಕೈಬಿಟ್ಟವರ ಸಂಖ್ಯೆ ಇಂಥವರಿಗಿಂತ ಬಹಳ ಜಾಸ್ತಿ.

ತಪ್ಪು ಮಾಡುವ ಜಾಗ ಒಂದಿದೆ

2021ರ ಫೆಬ್ರವರಿಯಲ್ಲಿ ತಾಯಿ ತಂಡಗಳ ಜೊತೆ ಸಂಬಂಧ ಇರುವ ಮೈನರ್ ಲೀಗ್ ತಂಡಗಳು 160ರಿಂದ 120ಕ್ಕೆ ಇಳಿದವು. 'ಕೋವಿಡ್‌ನಿಂದ 40 ತಂಡ ಮುಚ್ಚಿದವು' ಅಂತ ಬರೆದರೆ ಅದು ತಪ್ಪು. ಈ ಕಡಿತದ ಯೋಜನೆ 2019ರ ಅಕ್ಟೋಬರ್ ಹೊತ್ತಿಗೇ ಸುದ್ದಿಯಾಗಿತ್ತು. ಆಗ ಕೋವಿಡ್ ಹೆಸರೂ ಯಾರಿಗೂ ಗೊತ್ತಿರಲಿಲ್ಲ. ಮೇಜರ್ ಲೀಗ್ ಮತ್ತು ಮೈನರ್ ಲೀಗ್ ನಡುವಿನ ಹಳೆಯ ಒಪ್ಪಂದ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯುವುದಿತ್ತು. ಕೋವಿಡ್ ಮಾಡಿದ್ದು ಇಷ್ಟು: ಆದಾಯವೇ ಇಲ್ಲದ ವರ್ಷದಲ್ಲಿ ಮೈನರ್ ಲೀಗ್ ತಂಡಗಳು ಮಾತುಕತೆಗೆ ಕೂರಬೇಕಾಯಿತು. ಕೈಯಲ್ಲಿ ಕಾಸಿಲ್ಲದವರ ದನಿಗೆ ಬಲ ಎಲ್ಲಿಂದ ಬರಬೇಕು? ಕಡಿತ ಅಷ್ಟು ಸಲೀಸಾಗಿ ಆಗಲು ಇದೂ ಕಾರಣ ಅಂತ ನಾನು ತಿಳಿದಿದ್ದೇನೆ.

ಬೈಸನ್ಸ್ 120ರ ಒಳಗೆ ಉಳಿಯಿತು. ಆದರೆ ಅದು ಆಡುತ್ತಿದ್ದ ಇಂಟರ್‌ನ್ಯಾಷನಲ್ ಲೀಗ್ ಎಂಬ ಹೆಸರು ಅಳಿಸಿಹೋಯಿತು. 1884ರಷ್ಟು ಹಿಂದಿನ ಬೇರಿರುವ ಲೀಗ್ ಅದು. 2021ರಲ್ಲಿ ಅದು ಬರೀ 'ಟ್ರಿಪಲ್-ಎ ಈಸ್ಟ್'.

ವಾಪಸ್

ಜೂನ್‌ನಲ್ಲಿ ಸೇಲೆನ್ ಫೀಲ್ಡ್ ಬಾಗಿಲು ಪ್ರೇಕ್ಷಕರಿಗೆ ತೆರೆಯಿತು. ಬಫಲೋ ಜನ ಕೊನೆಗೂ ತಮ್ಮ ಊರಿನಲ್ಲಿ ಮೇಜರ್ ಲೀಗ್ ಆಟ ಕಣ್ಣಾರೆ ನೋಡಿದರು. ಯಾಂಕೀಸ್ ಬಂದಾಗ ಅವರ ಅಭಿಮಾನಿಗಳ ಸದ್ದೇ ಜಾಸ್ತಿ ಇತ್ತು, 'ತವರು' ಅನ್ನುವುದು ಬ್ಲೂ ಜೇಸ್‌ಗೆ ಕಾಗದದ ಮೇಲಷ್ಟೇ. ಜುಲೈ 30ರಂದು, 670 ದಿನಗಳ ಮೇಲೆ, ಬ್ಲೂ ಜೇಸ್ ಟೊರಾಂಟೊದಲ್ಲಿ ಮತ್ತೆ ಆಡಿತು. ಆ ವರ್ಷ ಅವರು ಡನೀಡಿನ್‌ನಲ್ಲಿ 10 ಗೆದ್ದು 11 ಸೋತರು, ಬಫಲೋದಲ್ಲಿ 12 ಗೆದ್ದು 11 ಸೋತರು, ಟೊರಾಂಟೊದಲ್ಲಿ 25 ಗೆದ್ದು 11 ಸೋತರು. ಒಂದೇ ಒಂದು ಪಂದ್ಯದ ಅಂತರದಲ್ಲಿ ಪ್ಲೇಆಫ್ ತಪ್ಪಿತು. ತವರು ಅಂದರೆ ಏನು ಅಂತ ಕೇಳುವವರಿಗೆ ಈ ಮೂರು ಲೆಕ್ಕ ತೋರಿಸಿ.

ಬೈಸನ್ಸ್ ಬಫಲೋಗೆ ಮರಳಿದ್ದು ಆಗಸ್ಟ್ 10ರಂದು. 2019ರ ಸೀಸನ್ ಮುಗಿದು ಸುಮಾರು 23 ತಿಂಗಳಾಗಿತ್ತು. ಮೈದಾನ ಅವರು ಬಿಟ್ಟುಹೋದ ಹಾಗಿರಲಿಲ್ಲ. ಬ್ಲೂ ಜೇಸ್‌ಗಾಗಿ ಹಾಕಿದ ಹೊಸ ದೀಪಗಳು ಅಲ್ಲೇ ಉಳಿದಿದ್ದವು. ಪಿಚರ್‌ಗಳು ಕೈ ಬಿಸಿ ಮಾಡಿಕೊಳ್ಳುವ ಬುಲ್‌ಪೆನ್ ಮೊದಲು ಮೈದಾನದ ಗೆರೆಯ ಪಕ್ಕದಲ್ಲೇ ಇತ್ತು, ಈಗ ಔಟ್‌ಫೀಲ್ಡ್ ಬೇಲಿಯ ಆಚೆ ಹೋಗಿತ್ತು. ಮುಂದಿನ ವರ್ಷ, 2022ರಲ್ಲಿ, ಇಂಟರ್‌ನ್ಯಾಷನಲ್ ಲೀಗ್ ಎಂಬ ಹಳೆಯ ಹೆಸರೂ ವಾಪಸ್ ಬಂತು.