ಎಲ್ಲಾರಿಗೂ ಬ್ರೆಸ್ಟ್‌ಸ್ಟ್ರೋಕ ಯಾಕ ಬೇಕ್ರಿ?

ನಲವತ್ತ ದಾಟಿದ ಮಂದಿ ಹುಬ್ಬಳ್ಳಿ-ಧಾರವಾಡದಾಗ ಈಜು ಕಲೀಲಿಕ್ಕೆ ಪೂಲಿಗೆ ಬರ್ತಾರಲ್ಲ, ಒಂದೆರಡ ತಿಂಗಳ ಆದಮ್ಯಾಲ ನಿಮಗ ಯಾವ ಸ್ಟ್ರೋಕ್, ಅಂದ್ರ ಈಜೋ ಬಗಿ, ಸೇರ್ತೈತ್ರಿ ಅಂತ ಕೇಳಿದ್ರ ಹೆಚ್ಚಿನವರು ಬ್ರೆಸ್ಟ್‌ಸ್ಟ್ರೋಕ್ ಅಂತಾರ, ಕಪ್ಪಿಯಂಗ ಕೈ-ಕಾಲು ಅಗಲಿಸಿ ಈಜೋದು. "ಅದ್ರಾಗ ಆರಾಮ್ ಅನಸ್ತೈತ್ರಿ ಸರ್" ಅಂತ ಮ್ಯಾಲ ಒಂದ್ ಮಾತು. ಖರೇ ಅಂದ್ರ ನಾಕೂ ಸ್ಟ್ರೋಕಿನಾಗ ಅದ ಎಲ್ಲಕ್ಕಿಂತ ಸಾವಕಾಶದ್ದು. ಗಂಡಸರ 100 ಮೀಟರ್ ವಿಶ್ವದಾಖಲೆ ನೋಡ್ರಿ, ಬ್ರೆಸ್ಟ್‌ಸ್ಟ್ರೋಕಿಂದು ಆಡಮ್ ಪೀಟಿ 2019ರಾಗ ಮಾಡಿದ 56.88 ಸೆಕೆಂಡ್, ಒಂದಾದಮ್ಯಾಲ ಒಂದ್ ಕೈ ಮುಂದ ಹಾಕಿ ಈಜೋ ಫ್ರೀಸ್ಟೈಲಿಂದು ಪಾನ್ ಝಾನ್‌ಲೆ 2024ರ ಪ್ಯಾರಿಸ್ ಒಲಿಂಪಿಕ್ಸಿನಾಗ ಮಾಡಿದ 46.40. ಕೈ-ಕಾಲಿನ ಟೈಮಿಂಗ್ ಕೂಡಿಸೋದೂ ಇದ್ರಾಗ ಭಾಳ ತ್ರಾಸ. ಆದ್ರೂ ಮಂದಿಗೆ ಇದ ಬೇಕು, ಯಾಕಂದ್ರ ಪ್ರತಿ ಸಲ ಕೈ ಎಳದಾಗ ಮಾರಿ ನೀರಿನ ಮ್ಯಾಲ ಬರ್ತೈತಿ, ಉಸುರು ಸಿಗ್ತೈತಿ, ಗೋಡೆ ಎಷ್ಟ ದೂರ ಐತಿ ಅಂತ ಕಾಣ್ತೈತಿ.

ಫ್ರೀಸ್ಟೈಲ್ ಅಂದ ಕೂಡ್ಲೆ "ನನಗ ದಮ್ ಇಲ್ರಿ, ವಯಸ್ಸಾತು" ಅಂತಾರ. ದಮ್ ಇರ್ತೈತ್ರಿ. ಮಾರಿ ನೀರಾಗ ಇದ್ದಾಗ ಉಸುರು ಬಿಗಿ ಹಿಡಕೊಂಡಿರ್ತಾರ, ಬಾಯಿ ಹೊರಳಿಸಿದ ಅರ್ಧ ಸೆಕೆಂಡಿನಾಗ ಹಳೇದನ್ನ ಬಿಡಬೇಕು, ಹೊಸಾದ ತಗೋಬೇಕು, ಎರಡೂ ಆಗಂಗಿಲ್ಲ. ಒಳಗ ಕಾರ್ಬನ್ ಡೈಆಕ್ಸೈಡ್ ಕೂಡ್ತಾ ಹೋಗ್ತೈತಿ, ಉಸುರು ಕಟ್ಟಿದಂಗ ಅನಸೋದು ಮುಖ್ಯ ಅದರಿಂದ, ಪೂಲಿನ ನಡುವ ಬರೋದ್ರೊಳಗ ಹಗ್ಗ ಹಿಡದ ನಿಂತಬಿಡ್ತಾರ. ಅದಕ್ಕ ನಾನು ಮೊದಲ ಗೋಡೆ ಹಿಡದು ನೀರಾಗ ಮೂಗಿಲೆ ಬಾಯಿಲೆ ಗುಳ್ಳಿ ಬಿಡಸ್ತೀನಿ, ಆಮ್ಯಾಲ ಒಂದ್ ಕಿವಿ, ಒಂದ್ ಗಾಗಲ್ ನೀರೊಳಗ ಇಟ್ಟ ಮಾರಿ ಹೊರಳಿಸೋದು. ಬ್ಯಾಸರ ಬರ್ತೈತಿ ಖರೆ, ಆದ್ರ ಇದನ್ನ ಬಿಟ್ಟು ಕೈ ಹೆಂಗ ಹಾಕಬೇಕು ಅಂತ ಹೇಳಿದ್ರ ಏನೂ ಉಪಯೋಗ ಇಲ್ಲ.

ಹಾವೇರಿ, ಗದಗ ಕಡೆ ಹಳ್ಳ್ಯಾಗ ಬೆಳದವರದು ಬ್ಯಾರೆನ ಕಥಿ. ಬಾವ್ಯಾಗ, ವರದಾ ತುಂಗಭದ್ರಾ ಹೊಳ್ಯಾಗ ಬೆನ್ನಿಗೆ ಒಣ ಸೋರೆ ಬುರುಡಿ ಕಟ್ಕೊಂಡ ಕಲ್ತವರು, ನೀರಿನ ಅಂಜಿಕಿ ಅನ್ನೋದ ಗೊತ್ತಿಲ್ಲ, ತಲಿ ಮಾತ್ರ ಪೂರಾ ಮ್ಯಾಲ. ಹೊಳ್ಯಾಗ ಅದು ಬರೋಬ್ಬರಿ, ಸೆಳವು ನೋಡಬೇಕು ದಂಡಿ ನೋಡಬೇಕು. ಪೂಲಿನಾಗ ತಲಿ ಎತ್ತಿದ್ರ ಟೊಂಕ ಇಳಿತೈತಿ, ಕಾಲು ಮುಳಗ್ತಾವು, ಹತ್ತು ಕೈ ಹಾಕೋದ್ರಾಗ ದಣೀತಾರ. ನಾನು ಅವರಿಗೆ ಆ ಈಜು ಬಿಡ್ರಿ ಅನ್ನಂಗಿಲ್ಲ, ಇನ್ನೊಂದ ಕಲೀರಿ ಅಂತೀನಿ.

ಬ್ಯಾಕ್‌ಸ್ಟ್ರೋಕ್, ಅಂದ್ರ ಅಂಗಾತ ಮಲಗಿ ಈಜೋದು, ಯಾರಿಗೂ ಬ್ಯಾಡ. ಮಾರಿ ಪೂರಾ ಹೊರಗ, ಉಸುರಿಗೆ ಅಡ್ಡಿನ ಇಲ್ಲ, ಕುತ್ತಿಗಿಗೆ ಭಾರ ಇಲ್ಲ, ದಿನಾ ಎಂಟ ತಾಸು ಕಂಪ್ಯೂಟರ್ ಮುಂದ ಬಾಗಿ ಕುಂದ್ರೋರಿಗೆ ನಾನು ಮೊದಲ ಹೇಳೋದ ಇದನ್ನ. ಅವರ ತಕರಾರು ಎರಡು, ಮೂಗಿನಾಗ ನೀರು, ಹಿಂದ ಗೋಡೆ ಕಾಣಂಗಿಲ್ಲ. ಮೂಗಿಲೆ ಹಗೂರಕ ಉಸುರು ಬಿಟ್ಕೋತ ಹೋದ್ರ ಮೊದಲನೇದ ಹೋತು. ಎರಡನೇದಕ್ಕ ಗೋಡೆಗಿಂತ 5 ಮೀಟರ್ ಮೊದಲ ಮ್ಯಾಲ ಫ್ಲ್ಯಾಗ್ ಕಟ್ಟಿರ್ತಾರ, ಅಲ್ಲಿಂದ ಗೋಡೆಗೆ ಎಷ್ಟ ಕೈ ಅಂತ ಎಣಿಸಿಟ್ಕೊಳ್ರಿ. ಫ್ಲ್ಯಾಗ್ ಇಲ್ಲದ ಪೂಲಿದ್ರ ಲೈಟ್ ಕಂಬನ ಗುರ್ತು.

ಎರಡೂ ಕೈ ಒಮ್ಮೆಲೆ ನೀರಿನ ಮ್ಯಾಲಿಂದ ಮುಂದ ಬೀಸೋ ಬಟರ್‌ಫ್ಲೈ ಮೊದಲ ಬ್ರೆಸ್ಟ್‌ಸ್ಟ್ರೋಕಿನೊಳಗಿಂದನ ಹುಟ್ಟಿದ್ದು, ಒಲಿಂಪಿಕ್ಸಿನಾಗ ಬ್ಯಾರೆ ಸ್ಪರ್ಧಾ ಆಗಿದ್ದು 1956ರ ಮೆಲ್ಬರ್ನಿನಾಗ. ರೀಲ್ಸ್ ನೋಡಿ ಇದನ್ನ ಕಲಸ್ರಿ ಅಂತ ಕೇಳೋರಿಗೆ ಭುಜ ಹೆಂಗ ಐತಿ ನೋಡಿ ಆಮ್ಯಾಲ ಹೇಳ್ತೀನಿ.

ಬ್ರೆಸ್ಟ್‌ಸ್ಟ್ರೋಕ್ ಪ್ರೇಮಿಗಳು ಒಂದ ನೆನಪಿಡ್ರಿ. ಆ ಕಿಕ್ಕಿನಾಗ ಪಾದ ಹೊರಗ ತಿರಗಿಸಿ ಒದೀಬೇಕು, ಆಗ ಮಣಕಾಲಿನ ಒಳಬಾಜು ಜಗ್ಗತೈತಿ. ರಿಟೈರ್ ಆದ ಅಕ್ಕೋರೊಬ್ಬರು ಬರ್ತಾರ, ಈ ಸ್ಟ್ರೋಕ್ ಅಂದ್ರ ಜೀವ, ಮೆಟ್ಟಲಾ ಹತ್ತುವಾಗ ನೋಡಿದ್ರ ಒಂದ್ ಕೈ ರೇಲಿಂಗಿಗೆ ಇನ್ನೊಂದ್ ಕೈ ಮಣಕಾಲಿಗೆ. ಡಾಕ್ಟರಿಗೆ ತೋರಿಸಿ ಬರ್ರಿ ಅಂದೆ, ಬಂದಮ್ಯಾಲ ಕೈ ಬ್ರೆಸ್ಟ್‌ಸ್ಟ್ರೋಕಿಂದ ಇಟ್ಟು ಕಾಲು ಫ್ರೀಸ್ಟೈಲಿನ ಹಂಗ ಮ್ಯಾಲ-ಕೆಳಗ ಹೊಡಸಿದೆ. ಸ್ಪರ್ಧಾದಾಗ ಹಂಗ ಒದ್ದರ ಡಿಸ್‌ಕ್ವಾಲಿಫೈ ಮಾಡ್ತಾರ. ಅಕ್ಕೋರಿಗೆ ಅದರ ಚಿಂತಿ ಇಲ್ಲ, "ಅಂಪೈರ್ ಯಾರೂ ಇಲ್ಲಲ್ಲ ಸರ್" ಅಂತ ಇನ್ನೊಂದ್ ರೌಂಡ್ ಹೋಗ್ತಾರ.