‘ಲೀನ್’ ಕೋಡ್ ಬಂತು ಅಂತ ಆಕ್ಸಿಜನ್ ಸೆನ್ಸರ್ ಬದಲಿಸಬೇಕಾ?

ಪ್ರಶ್ನೆ: ನನ್ನ ಹತ್ತಿರ 2003ರ ಬಿಎಂಡಬ್ಲ್ಯು 330ಐ ಇದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ನಡುಗುತ್ತದೆ, ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ಎಂಜಿನ್ ವೇಗ) ಮೇಲೆ ಕೆಳಗೆ ಆಗುತ್ತದೆ. ಬಿಸಿಯಾದ ಮೇಲೆ ಬಹುಮಟ್ಟಿಗೆ ಸರಿಹೋಗುತ್ತದೆ. ಚೆಕ್ ಎಂಜಿನ್ ಲೈಟ್ ಉರಿಯುತ್ತಿದೆ. ಸ್ಕ್ಯಾನರ್ ಹಾಕಿದರೆ ಪಿ0171, ಪಿ0174 ಎರಡೂ ಬರುತ್ತಿವೆ. ಆಕ್ಸಿಜನ್ ಸೆನ್ಸರ್ ಬದಲಿಸಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ಸಣ್ಣಪುಟ್ಟ ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ತಂದು ಹಾಕಿಬಿಡಲಾ?

ಉತ್ತರ: ಬೇಡ. ಸದ್ಯಕ್ಕಂತೂ ಬೇಡ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಎರಡು ಕೋಡ್ ಒಟ್ಟಿಗೆ ಬಂದಿವೆ, ತೊಂದರೆ ಎಂಜಿನ್ ತಣ್ಣಗಿದ್ದಾಗ ಜಾಸ್ತಿ, ಕಾರಿಗೆ ಇಪ್ಪತ್ತು ವರ್ಷ ದಾಟಿದೆ. ಈ ಮೂರೂ ಸೇರಿದರೆ ನಾನು ಮೊದಲು ಹುಡುಕುವುದು ಗಾಳಿ ಸೋರಿಕೆಯನ್ನು, ಅಂದರೆ ಅಳತೆಗೆ ಸಿಗದೆ ಎಂಜಿನ್ ಒಳಗೆ ನುಗ್ಗುವ ಗಾಳಿಯನ್ನು. ಸೆನ್ಸರ್ ಕೂಡ ಪಟ್ಟಿಯಲ್ಲಿದೆ, ಆದರೆ ತುಂಬಾ ಕೆಳಗೆ.

ಮೊದಲು ಆ ಕೋಡ್ ನಿಜವಾಗಿ ಏನು ಹೇಳುತ್ತಿದೆ ನೋಡೋಣ. ಪೆಟ್ರೋಲ್ ಸರಿಯಾಗಿ ಉರಿಯಬೇಕಾದರೆ ತೂಕದ ಲೆಕ್ಕದಲ್ಲಿ 1 ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಒಳಗೆ ಹೋಗುವ ಗಾಳಿಯನ್ನು ಏರ್ ಫಿಲ್ಟರ್ ದಾಟಿದ ಕೂಡಲೇ ಮಾಸ್ ಏರ್‌ಫ್ಲೋ ಸೆನ್ಸರ್ ಅಳೆಯುತ್ತದೆ. ಆ ಅಳತೆಗೆ ತಕ್ಕಂತೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಪೆಟ್ರೋಲ್ ಬಿಡುತ್ತದೆ. ಉರಿದಾದ ಮೇಲೆ ಎಕ್ಸಾಸ್ಟ್‌ನಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಅಂತ ಆಕ್ಸಿಜನ್ ಸೆನ್ಸರ್ ತಿಳಿಸುತ್ತದೆ. ಜಾಸ್ತಿ ಉಳಿದಿದ್ದರೆ ಇಸಿಯು ಇನ್ನಷ್ಟು ಪೆಟ್ರೋಲ್ ಸೇರಿಸುತ್ತದೆ. ಸೇರಿಸುತ್ತಾ ಹೋಗಿ ತನ್ನ ಮಿತಿ ಮುಟ್ಟಿದಾಗ ಲೈಟ್ ಹಚ್ಚುತ್ತದೆ. ಪಿ0171 ಅಂದರೆ ಒಂದನೇ ಬ್ಯಾಂಕಿನಲ್ಲಿ (ಸಿಲಿಂಡರ್‌ಗಳ ಒಂದು ಗುಂಪಿನಲ್ಲಿ) ಮಿಶ್ರಣ ಲೀನ್, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ; ಪಿ0174 ಅಂದರೆ ಎರಡನೇ ಬ್ಯಾಂಕಿನಲ್ಲಿ. ಯಾವ ಬಿಡಿಭಾಗ ಕೆಟ್ಟಿದೆ ಅಂತ ಎರಡೂ ಹೇಳುವುದಿಲ್ಲ. ಹೆಚ್ಚಿನ ಸಲ ಈ ಕೋಡ್ ಬಂದಿರುವುದೇ ಸೆನ್ಸರ್ ತನ್ನ ಕೆಲಸ ಸರಿಯಾಗಿ ಮಾಡಿದ್ದರಿಂದ. ಅದನ್ನೇ ಕಿತ್ತು ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ನಿಮ್ಮ ಕಾರಿನಲ್ಲಿರುವುದು ಎಂ54 ಎಂಜಿನ್. ಆರು ಸಿಲಿಂಡರ್ ಒಂದೇ ಸಾಲಿನಲ್ಲಿದ್ದರೂ ಇಸಿಯು ಲೆಕ್ಕದಲ್ಲಿ 1ರಿಂದ 3 ಒಂದು ಬ್ಯಾಂಕ್, 4ರಿಂದ 6 ಇನ್ನೊಂದು. ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮುಂಚೆ ಎರಡು ಆಕ್ಸಿಜನ್ ಸೆನ್ಸರ್, ನಂತರ ಎರಡು. ಮಿಶ್ರಣ ನೋಡಿಕೊಳ್ಳುವುದು ಮುಖ್ಯವಾಗಿ ಮುಂದಿನ ಎರಡು. ಅವೆರಡೂ ಒಟ್ಟಿಗೆ, ಒಂದೇ ದಿಕ್ಕಿಗೆ ಕೆಡುವುದು ಅಪರೂಪ ಅಲ್ವಾ? ಎರಡೂ ಬ್ಯಾಂಕ್ ಲೀನ್ ಅಂದರೆ ಕಾರಣ ಎರಡಕ್ಕೂ ಸೇರಿದ ಜಾಗದಲ್ಲಿರಬೇಕು: ಒಂದೇ ಇಂಟೇಕ್, ಒಂದೇ ಏರ್‌ಫ್ಲೋ ಸೆನ್ಸರ್, ಒಂದೇ ಪೆಟ್ರೋಲ್ ಲೈನ್. ಒಂದೇ ಕೋಡ್ ಬಂದಿದ್ದರೆ ನನ್ನ ಉತ್ತರವೇ ಬೇರೆ ಇರುತ್ತಿತ್ತು.

ಇನ್ನು ಬೆಳಗಿನ ನಡುಕ. ಆಕ್ಸಿಜನ್ ಸೆನ್ಸರ್ ಬಿಸಿಯಾಗುವ ತನಕ ಸರಿಯಾದ ಸಿಗ್ನಲ್ ಕೊಡುವುದಿಲ್ಲ. ಹಾಗಾಗಿ ಸ್ಟಾರ್ಟ್ ಆದ ಕೂಡಲೇ ಇಸಿಯು ಅದರ ಮಾತು ಕೇಳುವುದೇ ಇಲ್ಲ, ತನ್ನ ಲೆಕ್ಕದ ಮೇಲೆ ಪೆಟ್ರೋಲ್ ಬಿಡುತ್ತದೆ. ತಣ್ಣನೆಯ ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಮಿಶ್ರಣದಲ್ಲಿ ಪೆಟ್ರೋಲ್ ಇನ್ನೂ ಜಾಸ್ತಿ ಇರಬೇಕು. ಅಂಥ ಹೊತ್ತಿನಲ್ಲಿ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗಿದರೆ ಎಂಜಿನ್ ನಡುಗದೆ ಇನ್ನೇನು ಮಾಡೀತು? ಒಣಗಿದ ರಬ್ಬರ್ ಬೇರೆ ತಣ್ಣಗಿದ್ದಾಗ ಕುಗ್ಗಿ ಬಿಗಿಯಾಗಿರುತ್ತದೆ, ಕೂಡುವ ಜಾಗದಲ್ಲಿ ಸಂದು ಬಿಡುತ್ತದೆ. ಬಿಸಿಯಾದ ಮೇಲೆ ಸೆನ್ಸರ್ ಎಚ್ಚರವಾಗಿ ಕೊರತೆಯನ್ನು ತುಂಬಿಸುತ್ತದೆ, ನಡುಕ ನಿಲ್ಲುತ್ತದೆ. ಅಂದರೆ ಸೆನ್ಸರ್ ಕೆಲಸಕ್ಕೆ ಇಳಿದ ಮೇಲೆ ನಿಮ್ಮ ಕಾರು ಸುಧಾರಿಸುತ್ತಿದೆ. ಅದರ ಮೇಲೆ ಅನುಮಾನ ಪಡಲು ನನಗಂತೂ ಕಾರಣ ಕಾಣುವುದಿಲ್ಲ.

ಊಹೆ ಸಾಕು, ಈಗ ಅಳತೆ. ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮ್ ಬರೆದಿಟ್ಟುಕೊಳ್ಳಿ. ಲೈಟ್ ಹತ್ತಿದ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿ ಇತ್ತು, ಲೋಡ್ ಎಷ್ಟು ಅನ್ನುವುದೆಲ್ಲ ಅದರಲ್ಲಿರುತ್ತದೆ. ಅಳಿಸಿದರೆ ಅದೂ ಹೋಗುತ್ತದೆ. ಕೈಗೆ ಸ್ಕ್ಯಾನರ್ ಸಿಕ್ಕ ಕೂಡಲೇ ಕ್ಲಿಯರ್ ಒತ್ತುವ ಅಭ್ಯಾಸ ತುಂಬಾ ಜನಕ್ಕಿದೆ. ಯಾಕೋ ಗೊತ್ತಿಲ್ಲ.

ಆಮೇಲೆ ಎಂಜಿನ್ ಪೂರ್ತಿ ಬಿಸಿ ಮಾಡಿ, ಲೈವ್ ಡೇಟಾದಲ್ಲಿ ಫ್ಯೂಯಲ್ ಟ್ರಿಮ್ ನೋಡಿ, ಅಂದರೆ ಇಸಿಯು ತನ್ನ ಲೆಕ್ಕಕ್ಕಿಂತ ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವುದು. ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಎರಡನ್ನೂ ಕೂಡಿಸಿ ಓದಬೇಕು. ಸೊನ್ನೆಯ ಆಚೀಚೆ ಶೇ 5ರ ಒಳಗಿದ್ದರೆ ಚೆನ್ನ, 10ರ ತನಕ ನಡೆಯುತ್ತದೆ. ಪ್ಲಸ್ 15, 20 ಅಂದರೆ ಇಸಿಯು ಅಷ್ಟು ಹೆಚ್ಚು ಪೆಟ್ರೋಲ್ ಸುರಿದು ಸರಿದೂಗಿಸುತ್ತಿದೆ. ಮೊದಲು ಐಡಲ್‌ನಲ್ಲಿ ನೋಡಿ. ನಂತರ ನಿಂತಲ್ಲೇ 2500 ಆರ್‌ಪಿಎಂನಲ್ಲಿ ಅರ್ಧ ನಿಮಿಷ ಹಿಡಿದು ನೋಡಿ. ಈ ಎರಡು ಅಂಕಿ ಹೇಳುವಷ್ಟು ವಿಷಯವನ್ನು ಬೇರೆ ಯಾವ ಪರೀಕ್ಷೆಯೂ ಇಷ್ಟು ಸುಲಭವಾಗಿ ಹೇಳುವುದಿಲ್ಲ.

ಲೆಕ್ಕ ಹೀಗೆ. ಐಡಲ್‌ನಲ್ಲಿ ಏರ್‌ಫ್ಲೋ ಸೆನ್ಸರ್ ಗಂಟೆಗೆ 15 ಕೆಜಿ ಗಾಳಿ ಅಳೆಯುತ್ತಿದೆ, ಅದರ ಆಚೆ ಇರುವ ಬಿರುಕಿನಿಂದ ಇನ್ನೂ 3 ಕೆಜಿ ಕದ್ದು ನುಗ್ಗುತ್ತಿದೆ ಅಂದುಕೊಳ್ಳಿ. ಟ್ರಿಮ್ ಪ್ಲಸ್ 20ಕ್ಕೆ ಹೋಗಬೇಕು. 2500ರಲ್ಲಿ ಅಳತೆಯ ಗಾಳಿ 45 ಕೆಜಿ ಆಯಿತು ಅನ್ನಿ. ಬಿರುಕು ಅದೇ, ಸೋರಿಕೆಯೂ ಹೆಚ್ಚುಕಡಿಮೆ ಅದೇ 3 ಕೆಜಿ. ಟ್ರಿಮ್ 7ರ ಒಳಗೆ ಇಳಿಯುತ್ತದೆ. ಹೀಗೆ ಐಡಲ್‌ನಲ್ಲಿ ಜಾಸ್ತಿ ಇದ್ದು ಆರ್‌ಪಿಎಂ ಏರಿದಂತೆ ಇಳಿದರೆ ಗಾಳಿ ಸೋರಿಕೆ. ಐಡಲ್‌ನಲ್ಲಿ ಸುಮಾರಾಗಿದ್ದು ಲೋಡ್ ಕೊಟ್ಟಾಗ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಏರ್‌ಫ್ಲೋ ಸೆನ್ಸರ್ ಕಡಿಮೆ ಓದುತ್ತಿದೆ. ನಿಮ್ಮ ಕಾರು ಮೊದಲನೇ ಗುಂಪಿಗೆ ಸೇರುತ್ತದೆ ಅಂತ ನನ್ನ ಅಂದಾಜು, ಆದರೆ ನನ್ನ ಮಾತಿಗಿಂತ ನಿಮ್ಮ ಸ್ಕ್ಯಾನರನ್ನು ನಂಬಿ. ಬಿಎಂಡಬ್ಲ್ಯುಗೆಂದೇ ಇರುವ ಸಾಫ್ಟ್‌ವೇರ್ ಬಳಸಿದರೆ ಇದೇ ವಿಷಯ ಅಡಿಟಿವ್, ಮಲ್ಟಿಪ್ಲಿಕೇಟಿವ್ ಅನ್ನುವ ಹೆಸರಲ್ಲಿ ಕಾಣುತ್ತದೆ. ಅಡಿಟಿವ್ ಮುಖ್ಯವಾಗಿ ಐಡಲ್ ಕಡೆಯದು, ಇನ್ನೊಂದು ಲೋಡ್ ಕಡೆಯದು.

ಸೋರಿಕೆ ಅಂತ ಗೊತ್ತಾದ ಮೇಲೆ ಎಲ್ಲಿ? ಎಂ54ರಲ್ಲಿ ನಾನು ಮೊದಲು ಕೈ ಹಾಕುವುದು ಏರ್‌ಫ್ಲೋ ಸೆನ್ಸರಿಗೂ ಥ್ರಾಟಲ್ ಬಾಡಿಗೂ ನಡುವಿನ ರಬ್ಬರ್ ಇಂಟೇಕ್ ಬೂಟ್‌ಗೆ. ಎರಡು ತುಂಡು ಇರುತ್ತವೆ. ಮೇಲಿಂದ ನೋಡಿದರೆ ಹೊಚ್ಚ ಹೊಸದರಂತೆ ಕಾಣುತ್ತವೆ. ಬಿರುಕು ಇರುವುದು ಮಡಿಕೆಯ ಒಳಗೆ, ಅದೂ ಅಡಿಭಾಗದಲ್ಲಿ. ಬಿಚ್ಚಿ ಕೈಯಲ್ಲಿ ಹಿಡಿದು, ಬಗ್ಗಿಸಿ, ಟಾರ್ಚ್ ಹಿಡಿದು ನೋಡಬೇಕು. ಸುಮ್ನೆ ಮೇಲಿಂದ ಇಣುಕಿ ‘ಸರಿ ಇದೆ’ ಅಂದುಬಿಟ್ಟರೆ ಅದನ್ನು ಪರೀಕ್ಷೆ ಅನ್ನಲಾಗುವುದಿಲ್ಲ. ಟೇಪ್ ಸುತ್ತಿ ನಡೆಸುವ ಯೋಚನೆಯನ್ನೂ ಬಿಡಿ, ಎಣ್ಣೆಯ ಆವಿಗೆ ಟೇಪಿನ ಅಂಟು ನಿಲ್ಲುವುದಿಲ್ಲ.

ಎರಡನೆಯದು ಕ್ರ್ಯಾಂಕ್‌ಕೇಸ್ ವೆಂಟಿಲೇಶನ್, ಬಿಎಂಡಬ್ಲ್ಯು ಮಂದಿ ಸಿಸಿವಿ ಅನ್ನುತ್ತಾರೆ. ಎಂಜಿನ್ ಹೊಟ್ಟೆಯಲ್ಲಿ ಸೇರುವ ಆವಿಯನ್ನು ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗಳ ಭಾಗ) ಎಳೆದುಕೊಳ್ಳುವ ದಾರಿ ಇದು. ವಾಲ್ವ್ ಮತ್ತು ಅದರ ಪೈಪುಗಳು ಇಂಟೇಕ್ ಮ್ಯಾನಿಫೋಲ್ಡ್ ಅಡಿಯಲ್ಲಿ ಅಡಗಿವೆ. ಒಳಗಿನ ಡಯಾಫ್ರಮ್ ಹರಿದರೆ, ಪೈಪ್ ಬಿರಿದರೆ ಗಾಳಿ ನುಗ್ಗುತ್ತದೆ. ಜೊತೆಗೆ ಎಣ್ಣೆ ಕಡಿಮೆಯಾಗುತ್ತಿದ್ದರೆ, ಎಕ್ಸಾಸ್ಟ್‌ನಲ್ಲಿ ನೀಲಿ ಹೊಗೆ ಕಂಡರೆ ಇದರ ಮೇಲೆ ಅನುಮಾನ ಬಲವಾಗುತ್ತದೆ. ತುಂಬಾ ಚಳಿಯ ಪ್ರದೇಶಗಳಲ್ಲಿ ಇದರೊಳಗೆ ನೀರು ಹೆಪ್ಪುಗಟ್ಟಿ, ಎಣ್ಣೆ ನೇರವಾಗಿ ಸಿಲಿಂಡರಿಗೆ ಹೋಗಿ ಎಂಜಿನ್ನೇ ಹಾಳಾದದ್ದೂ ಇದೆ. ಅದಕ್ಕೇ ಇದನ್ನು ಮುಂದೂಡುವವರನ್ನು ಕಂಡರೆ ನನಗೆ ದಿಗಿಲು. ಬದಲಿಸುವಾಗ ವಾಲ್ವ್ ಒಂದನ್ನೇ ಅಲ್ಲ, ನಾಲ್ಕೂ ಪೈಪುಗಳನ್ನು ತಂದಿಟ್ಟುಕೊಳ್ಳಿ. ಹಳೆಯವು ಬಿಚ್ಚುವಾಗಲೇ ಪುಡಿಯಾಗುತ್ತವೆ. ಮ್ಯಾನಿಫೋಲ್ಡ್ ತೆಗೆಯದೆಯೂ ಮಾಡಬಹುದು ಅನ್ನುತ್ತಾರೆ, ನಿಜ, ಮಾಡಬಹುದು. ಆದರೆ ಬೆರಳಿನ ಚರ್ಮ ಉಳಿಯಬೇಕಾದರೆ ತೆಗೆದುಬಿಡುವುದೇ ವಾಸಿ.

ಇಲ್ಲಿ ಹಲವರು ಗಮನಿಸದ ಒಂದು ಸೂಕ್ಷ್ಮ ಇದೆ. ಕ್ರ್ಯಾಂಕ್‌ಕೇಸ್ ಮ್ಯಾನಿಫೋಲ್ಡ್‌ಗೆ ಸೇರಿಕೊಂಡಿರುವುದರಿಂದ ಎಣ್ಣೆ ಕಡೆಯ ಸೀಲ್ ಬಿಟ್ಟರೂ ಅದು ಇಂಟೇಕ್ ಸೋರಿಕೆಯೇ. ಎಣ್ಣೆ ಹಾಕುವ ಮುಚ್ಚಳದ ರಬ್ಬರ್, ಡಿಪ್‌ಸ್ಟಿಕ್‌ನ ಓ-ರಿಂಗ್, ವಾಲ್ವ್ ಕವರ್ ಗ್ಯಾಸ್ಕೆಟ್, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಒಂದು ಚಿಕ್ಕ ಓ-ರಿಂಗ್ ಲೈಟ್ ಹಚ್ಚಿಸಬಲ್ಲದು. ಉಳಿದಂತೆ ಐಡಲ್ ವಾಲ್ವಿನ ರಬ್ಬರ್, ಬ್ರೇಕ್ ಬೂಸ್ಟರಿನ ಹೋಸ್, ಮ್ಯಾನಿಫೋಲ್ಡ್ ಹಿಂಬದಿಯ ರಬ್ಬರ್ ಮುಚ್ಚಳ ನೋಡಿ. ಮ್ಯಾನಿಫೋಲ್ಡ್‌ನಲ್ಲಿ ಗಾಳಿಯ ದಾರಿ ಬದಲಿಸುವ ಡೀಸಾ ವಾಲ್ವಿನ ಸೀಲ್ ನೋಡುವಾಗ ಅದರ ಪ್ಲಾಸ್ಟಿಕ್ ರೆಕ್ಕೆ ಸಡಿಲವಾಗಿದೆಯೇ ಅಂತಲೂ ಅಲ್ಲಾಡಿಸಿ ನೋಡಿ. ಅದು ಮುರಿದರೆ ಚೂರುಗಳು ಹೋಗುವುದು ಎಂಜಿನ್ ಒಳಗೇ. ಆ ಕಾಲದ ಜರ್ಮನ್ ಎಂಜಿನಿಯರ್‌ಗಳಿಗೆ ಪ್ಲಾಸ್ಟಿಕ್ ಮೇಲೆ ಅದೆಂಥ ನಂಬಿಕೆಯೋ! ಇದೇ ಕಾರಿನ ಕೂಲಂಟ್ ಟ್ಯಾಂಕ್ ಬಿರಿಯುವುದೂ ಅದೇ ನಂಬಿಕೆಯ ಫಲ.

ಕಣ್ಣಿಗೆ ಕಾಣದಿದ್ದರೆ ಸ್ಮೋಕ್ ಟೆಸ್ಟ್. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ, ಏರ್ ಫಿಲ್ಟರ್ ಕಡೆಯ ಬಾಯಿ ಮುಚ್ಚಿ, ಒಂದು ವ್ಯಾಕ್ಯೂಮ್ ಪೈಪಿನಿಂದ ಹೊಗೆ ತುಂಬಿಸುವುದು. ಎಲ್ಲಿ ಸೋರುತ್ತದೋ ಅಲ್ಲಿ ಹೊಗೆ ಎಳೆಯಾಗಿ ಏಳುತ್ತದೆ. ಒತ್ತಡ 1 ಪಿಎಸ್‌ಐ ಮೀರಬಾರದು. ಕಂಪ್ರೆಸರ್‌ನ ಗಾಳಿಯನ್ನು ನೇರವಾಗಿ ಬಿಟ್ಟರೆ ಚೆನ್ನಾಗಿದ್ದ ಸೀಲ್‌ಗಳೂ ಹೋಗುತ್ತವೆ. ಎಕ್ಸಾಸ್ಟ್ ತುದಿಯಲ್ಲಿ ಸ್ವಲ್ಪ ಹೊಗೆ ಬಂದರೆ ಗಾಬರಿ ಬೇಡ, ತೆರೆದಿರುವ ವಾಲ್ವ್‌ಗಳ ಮೂಲಕ ಅದು ದಾಟಬಹುದು. ಯಂತ್ರವನ್ನು ಬಾಡಿಗೆಗೋ ಎರವಲೋ ತನ್ನಿ. ಓಡುತ್ತಿರುವ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಸ್ಪ್ರೇ ಮಾಡಿ ಐಡಲ್ ಬದಲಾಗುತ್ತದಾ ನೋಡುವ ಹಳೆ ಉಪಾಯ ಇದೆ. ಕೆಲಸ ಮಾಡುತ್ತದೆ, ಒಪ್ಪುತ್ತೇನೆ. ಆದರೆ ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಹೊತ್ತಿಕೊಳ್ಳುವ ದ್ರವ ಎರಚುವುದನ್ನು ನಾನು ಯಾರಿಗೂ ಹೇಳಿಕೊಡಲಾರೆ.

ಟ್ರಿಮ್ ಲೋಡ್‌ನಲ್ಲೇ ಕೆಡುತ್ತಿದ್ದರೆ ಮೊದಲು ಏರ್‌ಫ್ಲೋ ಸೆನ್ಸರನ್ನು ಅದಕ್ಕೆಂದೇ ಇರುವ ಕ್ಲೀನರ್‌ನಿಂದ ತೊಳೆಯಿರಿ. ಒಳಗಿನ ಎಳೆಯನ್ನು ಬೆರಳು, ಬಟ್ಟೆ ಯಾವುದರಿಂದಲೂ ಮುಟ್ಟಬೇಡಿ. ಆಮೇಲೆ ಪೆಟ್ರೋಲ್ ಒತ್ತಡ ಅಳೆಯಿಸಿ. ನಿಮ್ಮ ಎಂಜಿನ್‌ಗೆ ಇರಬೇಕಾದದ್ದು 3.5 ಬಾರ್, ರೆಗ್ಯುಲೇಟರ್ ಇರುವುದು ಫಿಲ್ಟರ್ ಜೊತೆಯಲ್ಲೇ.

ಬೇರೆ ಕಾರಿನವರಿಗೆ ಒಂದು ಮಾತು. ಈ ಲೆಕ್ಕ ಏರ್‌ಫ್ಲೋ ಸೆನ್ಸರ್ ಇರುವ ಎಂಜಿನ್‌ಗಳದ್ದು. ಹಳೆಯ ಹೋಂಡಾಗಳಲ್ಲಿ ಹೆಚ್ಚಿನವು ಮ್ಯಾನಿಫೋಲ್ಡ್ ಒತ್ತಡ ನೋಡಿ ಗಾಳಿ ಅಂದಾಜು ಮಾಡುತ್ತವೆ. ಅವುಗಳಲ್ಲಿ ಸೋರಿದ ಗಾಳಿಯೂ ಲೆಕ್ಕಕ್ಕೆ ಸಿಗುವುದರಿಂದ ಲೀನ್ ಕೋಡ್‌ಗಿಂತ ಐಡಲ್ ಮೇಲೇರುವುದೇ ಜಾಸ್ತಿ. ಆಡಿ ಎ4ರ 1.8 ಟರ್ಬೊದಂಥ ಎಂಜಿನ್‌ಗಳಲ್ಲಿ ಇನ್ನೊಂದು ತಿರುವು. ಟರ್ಬೊ ಆಚೆಯ ಒಂದೇ ಬಿರುಕು ಐಡಲ್‌ನಲ್ಲಿ ಗಾಳಿಯನ್ನು ಒಳಗೆ ಎಳೆದು ಲೀನ್ ಮಾಡುತ್ತದೆ, ಬೂಸ್ಟ್ ಬಂದಾಗ, ಅಂದರೆ ಟರ್ಬೊ ಗಾಳಿಯನ್ನು ಒತ್ತಿ ತುಂಬುವಾಗ, ಅಳೆದ ಗಾಳಿಯನ್ನು ಹೊರಗೆ ಬಿಟ್ಟು ಮಿಶ್ರಣವನ್ನು ರಿಚ್ (ಪೆಟ್ರೋಲ್ ಜಾಸ್ತಿ) ಮಾಡುತ್ತದೆ. ಎರಡು ತದ್ವಿರುದ್ಧ ಲಕ್ಷಣ ಕಂಡು ಎರಡು ರೋಗ ಅಂದುಕೊಳ್ಳುವುದು ಇಲ್ಲೇ.

ಹಾಗಾದರೆ ಆಕ್ಸಿಜನ್ ಸೆನ್ಸರ್ ಎಂದೂ ತಪ್ಪು ಹೇಳುವುದಿಲ್ಲವೇ? ಹೇಳುತ್ತದೆ. ಸೆನ್ಸರ್ ಇರುವ ಜಾಗಕ್ಕಿಂತ ಮುಂಚೆ ಎಕ್ಸಾಸ್ಟ್‌ನಲ್ಲಿ ತೂತಿದ್ದರೆ ಹೊರಗಿನ ಗಾಳಿ ಸೇರಿ ಸುಳ್ಳು ಲೀನ್ ಬರುತ್ತದೆ. ಒಂದು ಸಿಲಿಂಡರ್ ಮಿಸ್‌ಫೈರ್ ಆದರೂ ಉರಿಯದ ಆಮ್ಲಜನಕ ಕಂಡು ಲೀನ್ ಅನ್ನುತ್ತದೆ. ಇವೆರಡೂ ಇಲ್ಲ, ಒಂದೇ ಬ್ಯಾಂಕ್ ಮಾತ್ರ ಕೆಟ್ಟಿದೆ ಅಂದರೆ ಲೈವ್ ಡೇಟಾದಲ್ಲಿ ಅದರ ವೋಲ್ಟೇಜ್ ನೋಡಿ. ಸಾಮಾನ್ಯ ನ್ಯಾರೋಬ್ಯಾಂಡ್ ಸೆನ್ಸರ್ ಬಿಸಿಯಾದ ಮೇಲೆ 0.1ರಿಂದ 0.9 ವೋಲ್ಟ್ ನಡುವೆ ಚುರುಕಾಗಿ ಏರಿಳಿಯಬೇಕು. ಥ್ರಾಟಲ್ ಒಮ್ಮೆಲೇ ಒತ್ತಿದಾಗ ಮೇಲಕ್ಕೂ, ಬಿಟ್ಟಾಗ ಕೆಳಕ್ಕೂ ತಟ್ಟನೆ ಓಡಬೇಕು. ಮಂದವಾಗಿದ್ದರೆ, ಒಂದೇ ಕಡೆ ಅಂಟಿಕೊಂಡಿದ್ದರೆ ಆಗ ಬದಲಿಸಿ, ನಾನೂ ಅದನ್ನೇ ಹೇಳುತ್ತೇನೆ.

ಸೋರಿಕೆ ಮುಚ್ಚಿದ ಮೇಲೆ ಕೋಡ್ ಜೊತೆಗೆ ಹಳೆಯ ಅಡಾಪ್ಟೇಶನ್‌ಗಳನ್ನೂ (ಇಸಿಯು ಕಲಿತಿಟ್ಟುಕೊಂಡ ತಿದ್ದುಪಡಿಗಳನ್ನೂ) ಅಳಿಸಿ. ಇಲ್ಲವಾದರೆ ಇಸಿಯು ಕೆಲವು ದಿನ ಹಳೆಯ ಲೆಕ್ಕದಲ್ಲೇ ಪೆಟ್ರೋಲ್ ಸುರಿಯುತ್ತಿರುತ್ತದೆ. ನಾಲ್ಕೈದು ಸಲ ತಣ್ಣನೆಯಿಂದ ಪೂರ್ತಿ ಬಿಸಿಯಾಗುವ ತನಕ ಓಡಿಸಿ, ಮತ್ತೆ ಟ್ರಿಮ್ ನೋಡಿ. ಅದು ಸೊನ್ನೆಯ ಹತ್ತಿರ ಬಂದಿದ್ದೂ ಬೆಳಗಿನ ನಡುಕ ಉಳಿದಿದ್ದರೆ ಅದು ಬೇರೆಯೇ ವಿಷಯ. ಆಗ ಪ್ಲಗ್, ಕಾಯಿಲ್ ನೋಡಿ, ವಾಲ್ವ್‌ಗಳು ತೆರೆಯುವ ಸಮಯವನ್ನು ಹೊಂದಿಸುವ ವ್ಯಾನೋಸ್‌ನ ಸೀಲ್‌ಗಳ ಕಡೆ ತಿರುಗಿ. ಅವು ಗಟ್ಟಿಯಾದರೆ ಕೋಲ್ಡ್ ಐಡಲ್ ಒರಟಾಗುತ್ತದೆ, ಕಡಿಮೆ ಆರ್‌ಪಿಎಂನಲ್ಲಿ ಎಳೆತವೂ ಸಾಲುವುದಿಲ್ಲ, ಕೋಡ್ ಮಾತ್ರ ಎಷ್ಟೋ ಸಲ ಬರುವುದೇ ಇಲ್ಲ.