ಕಾರ್ಡಿಗೆ ಇಳಿಯುವಾಗ ಚಿತ್ರ ಏನೇನು ಬಿಟ್ಟುಬರುತ್ತದೆ

ಮ್ಯೂಸಿಯಂ ಅಂಗಡಿಯಲ್ಲಿ ಪೋಸ್ಟ್‌ಕಾರ್ಡ್ ಕೈಗೆತ್ತಿಕೊಂಡವರ ದೂರು ಸಾಮಾನ್ಯವಾಗಿ ಒಂದೇ: ‘ಅಯ್ಯೋ, ಒಳಗೆ ನೋಡಿದ ಬಣ್ಣ ಇದಲ್ಲ.’ ಮುದ್ರಣಕ್ಕೆ ಹೋಗುವ ಮುಂಚೆ ಬಣ್ಣ ಹೊಂದಿಸುವುದೇ ನನ್ನ ಕೆಲಸ, ಹಾಗಾಗಿ ಈ ಬೈಗುಳ ನನ್ನ ಪಾಲಿನದು. ಆದರೆ ಬಣ್ಣಕ್ಕಿಂತ ದೊಡ್ಡ ಏಟು ಬೀಳುವುದು ಕತ್ತರಿಯಿಂದ. ಅದನ್ನು ಯಾರೂ ಗಮನಿಸುವುದೇ ಇಲ್ಲ.

ಕಾರ್ಡುಗಳ ಚಾಲ್ತಿ ಅಳತೆ ಎ6, ಅಂದರೆ 148 ಮಿ.ಮೀ. ಉದ್ದ, 105 ಮಿ.ಮೀ. ಅಗಲ. ಈ ಅಳತೆ ಮನಸ್ಸಲ್ಲಿಟ್ಟುಕೊಂಡು ಯಾವ ಕಲಾವಿದನೂ ಕ್ಯಾನ್ವಾಸ್ ಬಿಗಿದಿಲ್ಲ. ಮೊನಾ ಲಿಸಾ ಅದೃಷ್ಟವಂತೆ. 77 ಸೆಂ.ಮೀ. ಎತ್ತರ, 53 ಸೆಂ.ಮೀ. ಅಗಲ ಇರುವುದರಿಂದ ಕಾರ್ಡಿನ ಆಕಾರಕ್ಕೆ ಹೆಚ್ಚುಕಮ್ಮಿ ಹೊಂದಿಕೊಳ್ಳುತ್ತಾಳೆ. ವರ್ಮೀರ್ ಬರೆದ ಮುತ್ತಿನ ಓಲೆಯ ಹುಡುಗಿ 44.5ಕ್ಕೆ 39 ಸೆಂ.ಮೀ. ಅವಳನ್ನು ಕಾರ್ಡಿನ ತುಂಬಾ ತುಂಬಬೇಕು ಅಂದರೆ ಅಗಲದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಹೋಗುತ್ತದೆ. ಕ್ಲಿಮ್ಟ್‌ನ ‘ಚುಂಬನ’ ಪೂರ್ತಿ ಚೌಕ, 180ಕ್ಕೆ 180 ಸೆಂ.ಮೀ. ಅಲ್ಲಿ ಹೋಗುವುದು ಮೂರರಲ್ಲಿ ಒಂದು ಪಾಲಿಗೆ ಹತ್ತಿರ.

ವ್ಯಾನ್ ಗೋ 1889ರಲ್ಲಿ ಬರೆದ ‘ನಕ್ಷತ್ರಗಳ ರಾತ್ರಿ’ಯನ್ನೇ ನೋಡಿ. ಎಡಗಡೆಯ ಸೈಪ್ರೆಸ್ ಮರದ ತುದಿ ಚಿತ್ರದ ಮೇಲಂಚಿಗೆ ಇನ್ನೇನು ತಾಗುವ ಹಾಗಿದೆ. ಇನ್ನೂ ಸ್ವಲ್ಪ ಆಕಾಶ ಉಳಿದಿದೆ ಅನ್ನುವುದರಲ್ಲೇ ಆ ಮರದ ಜೀವ ಇರುವುದು. ಕಾರ್ಡಿಗೆ ತುಂಬಿಸಲು ಎತ್ತರದಲ್ಲಿ ನೂರಕ್ಕೆ ಹನ್ನೊಂದರಷ್ಟು ಕಳೆಯಬೇಕು. ಮೇಲೆ ಕತ್ತರಿಸಿದರೆ ಮರದ ತಲೆ ಹೋಯಿತು, ಕೆಳಗೆ ಕತ್ತರಿಸಿದರೆ ಊರಿನ ಮನೆಗಳು ಹೋದವು. ಇದರ ಜೊತೆಗೆ ಬ್ಲೀಡ್ ಬೇರೆ. ಕಟಿಂಗ್ ಮಷಿನ್ ಕೂದಲೆಳೆ ಆಚೀಚೆ ಆದರೂ ಬಿಳಿ ಗೆರೆ ಕಾಣಬಾರದು ಅಂತ ಪ್ರತಿ ಅಂಚಿನಲ್ಲೂ ಮೂರು ಮಿ.ಮೀ. ಚಿತ್ರವನ್ನು ಹೆಚ್ಚುವರಿಯಾಗಿ ಬಿಡುತ್ತೇವೆ. ಅದೂ ಕಸದ ಬುಟ್ಟಿಗೇ. ಅದಕ್ಕೇ ನನ್ನ ಮತ ಯಾವಾಗಲೂ ಸುತ್ತ ಬಿಳಿ ಅಂಚು ಬಿಟ್ಟು, ಪೂರ್ತಿ ಚಿತ್ರ ಕೊಡುವ ಕಾರ್ಡಿಗೆ. ಅಂಚು ತುಂಬಿದ ಕಾರ್ಡೇ ಜಾಸ್ತಿ ಓಡುತ್ತದೆ ಅಂತ ಮಾರುವವರು ವಾದಿಸುತ್ತಾರೆ. ಓಡಬಹುದು. ಕತ್ತರಿಸಲೇಬೇಕಾದರೆ ಮುಖವೋ ಕೈಯೋ ಒಂದು ಭಾಗವನ್ನಷ್ಟೇ ತೆಗೆದುಕೊಂಡು, ಹಿಂದೆ ‘ಚಿತ್ರದ ಭಾಗ’ ಅಂತ ಹಾಕಲಿ. ಅದರಲ್ಲಿ ಮೋಸ ಇಲ್ಲ.

ಈಗ ಬಣ್ಣಕ್ಕೆ ಬರೋಣ. ಮುತ್ತಿನ ಓಲೆಯ ಹುಡುಗಿಯ ಕಾರ್ಡನ್ನು ಹತ್ತು ಪಟ್ಟು ದೊಡ್ಡದು ಮಾಡುವ ಲೂಪಿನ ಕೆಳಗಿಡಿ. ತಲೆಗೆ ಸುತ್ತಿದ ಬಟ್ಟೆಯ ಆ ನೀಲಿಯಲ್ಲಿ ನೀಲಿ ಇಂಕೇ ಇಲ್ಲ. ತಿಳಿ ಆಕಾಶದ ಬಣ್ಣದ ಸಯಾನ್ ಚುಕ್ಕೆಗಳು, ಅವುಗಳ ನಡುವೆ ಗುಲಾಬಿ ಕಡೆಗೆ ವಾಲುವ ಮಜೆಂಟಾ ಚುಕ್ಕೆಗಳು, ನೆರಳಿನಲ್ಲಿ ಒಂದಿಷ್ಟು ಕಪ್ಪು. ಆಫ್‌ಸೆಟ್ ಮುದ್ರಣದಲ್ಲಿ ಹಳದಿ ಸೇರಿ ಇರುವುದು ನಾಲ್ಕೇ ಇಂಕು, ಉಳಿದದ್ದೆಲ್ಲ ಕಣ್ಣು ಕಟ್ಟಿಕೊಳ್ಳುವುದು. ವರ್ಮೀರ್ ಬಳಸಿದ್ದು ಲ್ಯಾಪಿಸ್ ಲಾಜುಲಿ ಕಲ್ಲನ್ನು ಅರೆದು ಮಾಡಿದ ಅಲ್ಟ್ರಾಮರೀನ್. ಅದರ ಆಳ ಈ ಎರಡು ಇಂಕಿಗೆ ಸಿಗುವುದಿಲ್ಲ. ಮಜೆಂಟಾ ಸ್ವಲ್ಪ ಏರಿಸಿದರೆ ನೇರಳೆ, ಇಳಿಸಿದರೆ ಪೆಚ್ಚು. ಪ್ರೂಫ್, ಅಂದರೆ ಪರೀಕ್ಷೆಯ ಪ್ರತಿ, ಒಂದರ ಮೇಲೊಂದು ತೆಗೆದು ನಾವು ಜಗ್ಗಾಡುವುದು ಈ ಎರಡರ ನಡುವಿನ ಸಣ್ಣ ಜಾಗದಲ್ಲಿ.

ಅದೇ ಲೂಪನ್ನು ಸ್ವಲ್ಪ ಕೆಳಗೆ, ಮುತ್ತಿನ ಮೇಲಕ್ಕೆ ಸರಿಸಿ. ಕ್ಯಾನ್ವಾಸಿನಲ್ಲಿ ಆ ಹೊಳಪು ದಪ್ಪಗೆ ಹಚ್ಚಿದ ಬಿಳಿ ಬಣ್ಣ. ಕಾರ್ಡಿನಲ್ಲಿ ಅದು ಹೆಚ್ಚುಕಮ್ಮಿ ಇಂಕೇ ಬೀಳದ ಖಾಲಿ ಕಾಗದ. ಕಾಗದ ಎಷ್ಟು ಬಿಳುಪೋ ಮುತ್ತು ಅಷ್ಟೇ ಬಿಳುಪು. ಚಿತ್ರದ ಅತಿ ಬೆಳಕಿನ ಜಾಗವನ್ನು ತೀರ್ಮಾನಿಸುವುದು ನಾನಲ್ಲ, ಕಾಗದ ಕೊಂಡವರು!

ಅವಳ ಹಿಂದಿನ ಕತ್ತಲೆಯದು ಬೇರೆಯೇ ತಲೆನೋವು. ಬರೀ ಕಪ್ಪು ಇಂಕು ಹಾಕಿದರೆ ಬೂದಿ ಬಳಿದ ಹಾಗೆ ಕಾಣುತ್ತದೆ. ಅದರಡಿ ಬೇರೆ ಇಂಕುಗಳನ್ನೂ ಕೊಟ್ಟರೆ ಆಳ ಬರುತ್ತದೆ. ಆದರೆ ಒಂದೇ ಜಾಗಕ್ಕೆ ಬೀಳುವ ಒಟ್ಟು ಇಂಕು (ಒಂದೊಂದು ಇಂಕು ಪೂರ್ತಿ ಬಿದ್ದರೆ ಶೇ. 100, ನಾಲ್ಕೂ ಸೇರಿದರೆ 400) ಶೇ. 300 ದಾಟಿ ತುಂಬಾ ಮುಂದೆ ಹೋದರೆ ಒಣಗಲ್ಲ, ಮೇಲಿನ ಶೀಟಿನ ಬೆನ್ನಿಗೆ ಮೆತ್ತಿಕೊಳ್ಳುತ್ತದೆ. ಅಂದಹಾಗೆ, ಅಲ್ಲಿ ಮೊದಲು ಇದ್ದದ್ದು ಹಸಿರು ಪರದೆ, ಬಣ್ಣ ಕೆಟ್ಟು ಹೀಗಾಗಿದೆ ಅಂತ ಈ ಚಿತ್ರ ಇರುವ ಮೌರಿಟ್ಸ್‌ಹೌಸ್ ಮ್ಯೂಸಿಯಂ 2020ರಲ್ಲಿ ತಿಳಿಸಿತು.

ಕ್ಲಿಮ್ಟ್ ‘ಚುಂಬನ’ದಲ್ಲಿ ಹಚ್ಚಿದ ಚಿನ್ನಕ್ಕಂತೂ ನಾಲ್ಕು ಇಂಕಿನಲ್ಲಿ ಉತ್ತರವೇ ಇಲ್ಲ. ನಿಜವಾದ ಚಿನ್ನದ ರೇಕು ನೀವು ಹೆಜ್ಜೆ ಸರಿಸಿದ ಹಾಗೆ ಹೊಳಪು ಬದಲಿಸುತ್ತದೆ. ಕಾರ್ಡಿನಲ್ಲಿ ಅದು ಕಂದು ಬೆರೆತ ಹಳದಿ, ಅಷ್ಟೇ. ಕೆಲವರು ಮೇಲೊಂದು ಫಾಯಿಲ್ ಒತ್ತುತ್ತಾರೆ. ಅದು ಎಲ್ಲ ಕಡೆ ಒಂದೇ ಥರ ಮಿನುಗಿ, ಚಿತ್ರ ಉಡುಗೊರೆ ಸುತ್ತುವ ಕಾಗದದಂತಾಗುತ್ತದೆ. ನನಗೆ ಕಂದು ಹಳದಿಯೇ ಸಾಕು.

ಬಣ್ಣದ ದಪ್ಪ ಉಳಿಯುವುದೂ ಹೋಗುವುದೂ ಫೋಟೊ ತೆಗೆಯುವವರ ಕೈಯಲ್ಲಿದೆ. ವಾರ್ನಿಶ್ ಮೇಲಿನ ಪ್ರತಿಫಲನ ಅಳಿಸಲು ದೀಪಕ್ಕೂ ಲೆನ್ಸಿಗೂ ಪೋಲರೈಸಿಂಗ್ ಫಿಲ್ಟರ್ ಹಾಕುತ್ತಾರೆ. ಪೂರ್ತಿ ಅಳಿಸಿದರೆ ಬಣ್ಣ ಶುದ್ಧವಾಗಿ ಸಿಗುತ್ತದೆ, ಆದರೆ ವ್ಯಾನ್ ಗೋ ಕುಂಚದ ಉಬ್ಬುಗಳು ಮಲಗಿಬಿಡುತ್ತವೆ. ‘ನಕ್ಷತ್ರಗಳ ರಾತ್ರಿ’ ಪೂರ್ತಿಯಾಗಿ ಎ6 ಕಾರ್ಡಿಗೆ ಬರುವಾಗ ಏಳು ಪಟ್ಟು ಕುಗ್ಗುತ್ತದೆ. ಒಂದು ಸೆಂ.ಮೀ. ಅಗಲದ ಕುಂಚದ ಗೀಟು ಒಂದೂವರೆ ಮಿ.ಮೀ.ಗೆ ಇಳಿಯುತ್ತದೆ. ಅಷ್ಟು ಚಿಕ್ಕದರಲ್ಲಿ ಉಬ್ಬು ಕಾಣಬೇಕು ಅಂದರೆ ಬದಿಯಿಂದ ಒಂಚೂರು ಬೆಳಕು ಉಳಿಸಿಕೊಳ್ಳಲೇಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಯಾವ ಕಾಲದ ಬಣ್ಣ? ಆರ್ಲ್ ಊರಿನ ತನ್ನ ಮಲಗುವ ಕೋಣೆಯ ಗೋಡೆ ತಿಳಿ ನೇರಳೆ ಅಂತ ವ್ಯಾನ್ ಗೋ 1888ರಲ್ಲಿ ತಮ್ಮ ಥಿಯೋಗೆ ಬರೆದಿದ್ದ. ಇವತ್ತು ಚಿತ್ರದಲ್ಲಿ ಗೋಡೆ ನೀಲಿ. ನೇರಳೆಯೊಳಗಿದ್ದ ಕೆಂಪು ಬೆಳಕಿಗೆ ಮಾಸಿಹೋಗಿದೆ. ಪತ್ರ ನಂಬಿ ಮಜೆಂಟಾ ಸೇರಿಸಿಬಿಡೋಣ ಅಂತ ಆಸೆಯಾಗುತ್ತದೆ. ಸೇರಿಸಕೂಡದು. ಇಂದು ಗೋಡೆಗೆ ತೂಗುಹಾಕಿರುವ ಚಿತ್ರ ಹೇಗಿದೆಯೋ ಕಾರ್ಡೂ ಹಾಗೇ ಇರಬೇಕು. ಮೊನಾ ಲಿಸಾ ಮೇಲಿನ ಹಳದಿಯಾದ ವಾರ್ನಿಶ್‌ಗೂ ಇದೇ ಮಾತು. ಅದನ್ನು ಕಂಪ್ಯೂಟರಿನಲ್ಲಿ ತೊಳೆದು ಕೆನ್ನೆ ಕೆಂಪಾಗಿಸಿದ ಕಾರ್ಡುಗಳನ್ನು ಕಂಡರೆ ನನಗಾಗದು.

ಆ ಮಲಗುವ ಕೋಣೆಯನ್ನು ವ್ಯಾನ್ ಗೋ ಮೂರು ಸಲ ಬರೆದಿದ್ದಾನೆ. ಒಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಒಂದು ಶಿಕಾಗೋದಲ್ಲಿ, ಅಳತೆಯಲ್ಲಿ ಚಿಕ್ಕದಾದ ಮತ್ತೊಂದು ಪ್ಯಾರಿಸ್‌ನಲ್ಲಿ. ಮೂರರ ಬಣ್ಣವೂ ಬೇರೆ ಬೇರೆ. ಹಾಗಾಗಿ ಕಾರ್ಡು ತಿರುಗಿಸಿ ಹಿಂದೆ ನೋಡಿ. ಹೆಸರು, ಇಸವಿ, ಅಳತೆ, ಯಾವ ಮ್ಯೂಸಿಯಂ, ಇಷ್ಟೂ ಇದ್ದರೆ ಬಣ್ಣ ಸರಿಯೋ ತಪ್ಪೋ ಹೋಲಿಸಿ ನೋಡಬಹುದು. ಬರೀ ‘ವ್ಯಾನ್ ಗೋ’ ಅಂತಷ್ಟೇ ಇದ್ದರೆ ನಾನು ಸ್ಟ್ಯಾಂಡಿಗೆ ವಾಪಸ್ ಇಟ್ಟುಬಿಡುತ್ತೇನೆ.